ಭಾಗಿಸದೇ ಗೊತ್ತಾಗುವ ಪ್ರೈಮ್

ಎಲ್ಲರಿಗೂ ನಮಸ್ಕಾರ. ಉಡುಪಿಯ ಈ ಮಳೆಯಲ್ಲೂ ಗಣಿತ ಕೇಳ್ಲಿಕ್ಕೆ ಇಷ್ಟು ಜನ ಬಂದಿದ್ದೀರಿ, ಕಾಪು ಕುಂದಾಪುರ ಕಡೆಯಿಂದ ಬಸ್ಸಲ್ಲಿ ಬಂದ ಮಕ್ಕಳೂ ಇದ್ದಾರೆ, ತುಂಬಾ ಖುಷಿ ಆಯ್ತು.

ಬೋರ್ಡಲ್ಲಿ ಬರೆದದ್ದು ನೋಡಿ, 170141183460469231731687303715884105727. ಒಟ್ಟು 39 ಅಂಕಿ ಉಂಟು. 127 ಎರಡುಗಳನ್ನು ಗುಣಿಸಿ ಬಂದದ್ದರಲ್ಲಿ 1 ಕಳೆದ್ರೆ ಇದು ಸಿಗ್ತದೆ, ಮತ್ತೆ ಇದು ಪ್ರೈಮ್, ಅಂದ್ರೆ ಅವಿಭಾಜ್ಯ ಸಂಖ್ಯೆ. ಫ್ರಾನ್ಸಿನ ಲ್ಯೂಕಾ ಅನ್ನುವವರು 1876ರಲ್ಲೇ ಇದನ್ನು ಹೇಳಿದ್ರು, 1951ರ ತನಕ ಜನರಿಗೆ ಗೊತ್ತಿದ್ದ ಪ್ರೈಮ್‌ಗಳಲ್ಲಿ ಇದೇ ದೊಡ್ಡದು.

ಕಂಪ್ಯೂಟರ್ ಇಲ್ಲದೆ ಹೇಗೆ ಗೊತ್ತಾಯ್ತು? ಶಾಲೆಯಲ್ಲಿ ಕಲಿತ ಹಾಗೆ 3, 5, 7 ಅಂತ ಬೆಸಸಂಖ್ಯೆಗಳಿಂದ ವರ್ಗಮೂಲದ ತನಕ ಭಾಗಿಸ್ತಾ ಹೋದ್ರೆ, ಸೆಕೆಂಡಿಗೆ 100 ಕೋಟಿ ಭಾಗಾಕಾರ ಮಾಡುವ ಮೆಷಿನ್‌ಗೂ 200 ವರ್ಷ ಸಾಕಾಗುದಿಲ್ಲ. ಲ್ಯೂಕಾ ಆ ದಾರಿಗೇ ಹೋಗ್ಲಿಲ್ಲ. ಅವರ ಉಪಾಯವನ್ನು ಆಮೇಲೆ ಅಮೆರಿಕದ ಲೆಹ್ಮರ್ ಇನ್ನಷ್ಟು ಸಲೀಸು ಮಾಡಿದ್ರು, ಅದನ್ನೇ ಈಗ ಒಟ್ಟಿಗೆ ಮಾಡುವ, ಪೆನ್ನು ತೆಗೀರಿ.

ಸಣ್ಣದು ತೆಗೊಳ್ಳುವ, 127. ಅದು ಏಳು ಎರಡುಗಳ ಗುಣಲಬ್ಧ 128ರಲ್ಲಿ 1 ಕಳೆದದ್ದು. 4ರಿಂದ ಶುರು ಮಾಡಿ, ವರ್ಗ ಮಾಡಿ 2 ಕಳೀರಿ, 14 ಬಂತು. ಪುನಃ ಹಾಗೇ ಮಾಡಿದ್ರೆ 194, ಅದನ್ನು 127ರಿಂದ ಭಾಗಿಸಿ ಶೇಷ 67 ಮಾತ್ರ ಇಟ್ಕೊಳ್ಳಿ. ಮುಂದೆ 42, ಮತ್ತೆ 111. ಐದನೇ ಸಲಕ್ಕೆ 12319 ಬರ್ತದೆ, ಅದು ಸರಿಯಾಗಿ 127ರ 97 ಪಟ್ಟು, ಶೇಷ ಸೊನ್ನೆ! ಘಾತ, ಅಂದ್ರೆ ಗುಣಿಸಿದ ಎರಡುಗಳ ಲೆಕ್ಕ, 7 ಆದ್ರೆ 5 ಹೆಜ್ಜೆ, ಘಾತ 127 ಆದ್ರೆ 125 ಹೆಜ್ಜೆ, ಕೊನೆಗೆ ಸೊನ್ನೆ ಬಂದ್ರೆ ಪ್ರೈಮ್, ಬರದಿದ್ರೆ ಖಂಡಿತ ಅಲ್ಲ.

ಅಲ್ಲ ಅಂತ ಗೊತ್ತಾದ್ರೂ ಯಾವುದರಿಂದ ಭಾಗ ಹೋಗ್ತದೆ ಅಂತ ಗೊತ್ತಾಗುದಿಲ್ಲ, ನನಗಂತೂ ಗಣಿತದಲ್ಲಿ ಇದರಷ್ಟು ಚಂದದ ಸಂಗತಿ ಬೇರೆ ಕಾಣುದಿಲ್ಲ. ಘಾತ 67ರದ್ದು ಪ್ರೈಮ್ ಅಲ್ಲ ಅಂತ ಲ್ಯೂಕಾ 1876ರಲ್ಲೇ ತೋರಿಸಿದ್ರು, ಅದರ ಅಪವರ್ತನಗಳು 193707721 ಮತ್ತು 761838257287 ಅಂತ ಅಮೆರಿಕದ ಗಣಿತಜ್ಞ ಕೋಲ್ ಹೇಳ್ಬೇಕಾದ್ರೆ 1903 ಆಯ್ತು. 2024ರಲ್ಲಿ ಸಿಕ್ಕಿದ ನಾಲ್ಕು ಕೋಟಿಗೂ ಜಾಸ್ತಿ ಅಂಕಿಯ ಪ್ರೈಮನ್ನು ಖಚಿತ ಮಾಡಿದ್ದೂ ಇದೇ ಪರೀಕ್ಷೆಯಿಂದ.

ಈಗ ಒಂದು ಸರಪಳಿ ನೋಡಿ. ಘಾತ 2 ಹಾಕಿದ್ರೆ 3, ಘಾತ 3 ಹಾಕಿದ್ರೆ 7, ಘಾತ 7ಕ್ಕೆ 127, ಘಾತ 127ಕ್ಕೆ ಬೋರ್ಡಲ್ಲಿರುವ ಈ ಸಂಖ್ಯೆ, ಎಲ್ಲವೂ ಪ್ರೈಮ್. ಹಾಗಾದ್ರೆ ಇದನ್ನೇ ಘಾತ ಮಾಡಿದ್ರೆ? ಪ್ರಪಂಚದಲ್ಲಿ ಯಾರಿಗೂ ಗೊತ್ತಿಲ್ಲ. ಲ್ಯೂಕಾ ಪರೀಕ್ಷೆಗೆ ಇದಕ್ಕಿಂತ ಎರಡೇ ಕಮ್ಮಿ ಹೆಜ್ಜೆ ಬೇಕು, ಯಾವ ಕಂಪ್ಯೂಟರಿಗೂ ಆಗುವ ಕೆಲಸ ಅಲ್ಲ. ಆದ್ರೆ ಅದಕ್ಕೆ ಅಪವರ್ತನ ಇದ್ದದ್ದೇ ಆದ್ರೆ, ಬೋರ್ಡಿನ ಸಂಖ್ಯೆಯನ್ನು ಯಾವುದೋ ಒಂದು ಸಮಸಂಖ್ಯೆಯಿಂದ ಗುಣಿಸಿ 1 ಸೇರಿಸಿದ ರೂಪದಲ್ಲೇ ಇರ್ಬೇಕು, ಹಾಗಾಗಿ ಜನ ಅಂಥದ್ದನ್ನು ಒಂದೊಂದಾಗಿ ಹಾಕಿ ನೋಡ್ತಾ ಇದ್ದಾರೆ, ಇಷ್ಟರ ತನಕ ಒಂದೂ ಸಿಕ್ಕಿಲ್ಲ.