ಹಾಡು ಬರೆದವಳ ಪಾಲು

ಕೇಳುಗರೆಲ್ಲರಿಗೂ ನಮಸ್ಕಾರ.

ಅಮೆರಿಕದ ಗಾಯಕಿ ಡಾಲಿ ಪಾರ್ಟನ್ ಬಗ್ಗೆ ಮಾತಾಡಿ ಎಂದು ರೇಡಿಯೋ ನಿಲಯದವರು ಕರೆದಾಗ ನನಗೆ ಬಹಳ ಸಂತೋಷವಾಯಿತು. ಆಕೆಯ ಹೆಸರು ಹೇಳಿದ ಕೂಡಲೇ ಜನ ಹೊಂಬಣ್ಣದ ವಿಗ್ಗು, ಮಿರಮಿರ ಮಿಂಚುವ ಉಡುಪು, ಉದ್ದುದ್ದ ಉಗುರು ಅಂತ ಶುರು ಮಾಡುತ್ತಾರೆ. ದಯವಿಟ್ಟು ಅದನ್ನೆಲ್ಲ ಸ್ವಲ್ಪ ಹೊತ್ತು ಬದಿಗಿಡಿ. ಆಕೆ ಹಾಡು ಬರೆಯುವವರು. ಬರೆದ ಹಾಡನ್ನು ಯಾರಿಗೂ ಬಿಟ್ಟುಕೊಡದವರು. ನಾನು ಇವತ್ತು ಹೇಳಬೇಕೆಂದಿರುವುದು ಇದೊಂದೇ, ಇದನ್ನೇ ಮತ್ತೆ ಮತ್ತೆ ಹೇಳುತ್ತೇನೆ.

ನೋಟುಬುಕ್ಕಿನ ಹಿಂದಿನ ಪುಟಗಳಲ್ಲಿ ಹಾಡು ಗೀಚಿಟ್ಟುಕೊಂಡು ಯಾರಿಗೂ ತೋರಿಸದೆ ಇರುವ ಹುಡುಗ ಹುಡುಗಿಯರು ನಮ್ಮಲ್ಲಿ ಎಷ್ಟೋ ಜನ ಇದ್ದೀರಿ. ಹಾಡು ಬರೆಯುವವರ ಕರಾರು ಪತ್ರಗಳನ್ನು ಓದುವುದು ವಕೀಲನಾಗಿ ನನ್ನ ಕೆಲಸ. ಸಹಿ ಹಾಕಿದ ಮೇಲೆ ಅದನ್ನು ತಂದು ತೋರಿಸುವವರೇ ಹೆಚ್ಚು. ಹಾಗಾಗಿ ಇವತ್ತಿನ ಮಾತು ಮುಖ್ಯವಾಗಿ ನಿಮಗೆ.

ಡಾಲಿ ಹುಟ್ಟಿದ್ದು 1946ರ ಜನವರಿ 19ರಂದು, ಟೆನೆಸಿ ರಾಜ್ಯದ ಸೆವಿಯರ್ ಕೌಂಟಿಯಲ್ಲಿ, ಗ್ರೇಟ್ ಸ್ಮೋಕಿ ಬೆಟ್ಟಗಳ ಮಗ್ಗುಲಲ್ಲಿ. ಒಂದೇ ಕೋಣೆಯ ಮನೆ, ಹನ್ನೆರಡು ಮಕ್ಕಳು, ಅದರಲ್ಲಿ ಈಕೆ ನಾಲ್ಕನೆಯವರು. ತಂದೆ ಮೊದಲು ಪಾಲಿಗೆ ಹೊಲ ಮಾಡಿ, ಆಮೇಲೆ ಸ್ವಂತಕ್ಕೊಂದು ಸಣ್ಣ ಹೊಗೆಸೊಪ್ಪಿನ ಹೊಲ ಮಾಡಿಕೊಂಡವರು. ಹೆರಿಗೆ ಮಾಡಿಸಿದ ಡಾಕ್ಟರಿಗೆ ಕೊಡಲು ದುಡ್ಡಿಲ್ಲದೆ ಒಂದು ಚೀಲ ಮೆಕ್ಕೆಜೋಳದ ಹಿಟ್ಟು ಕೊಟ್ಟರು. ತಾಯಿ ಚಿಂದಿ ಬಟ್ಟೆಗಳನ್ನು ಕೂಡಿಸಿ ಮಗಳಿಗೊಂದು ಕೋಟು ಹೊಲಿದುಕೊಟ್ಟರು. ಅದನ್ನು ಹಾಕಿಕೊಂಡು ಶಾಲೆಗೆ ಹೋದರೆ ಮಕ್ಕಳೆಲ್ಲ ನಕ್ಕರು. ಆ ನೋವು ಬಹಳ ವರ್ಷದ ಮೇಲೆ ಹಾಡಾಗಿ ಬಂತು, 'ಕೋಟ್ ಆಫ್ ಮೆನಿ ಕಲರ್ಸ್'. ಪ್ರವಾಸದ ಬಸ್ಸಿನಲ್ಲಿ ಸಾಲು ಹೊಳೆದಾಗ ಕೈಗೆ ಕಾಗದ ಸಿಗಲಿಲ್ಲ. ಡ್ರೈಕ್ಲೀನಿಂಗ್ ಅಂಗಡಿಯ ರಸೀದಿಯ ಹಿಂಬದಿಯಲ್ಲಿ ಬರೆದರು. 1971ರಲ್ಲಿ ಹೊರಬಂದ ಆ ಹಾಡು ಈಗ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನ ರಾಷ್ಟ್ರೀಯ ಧ್ವನಿಮುದ್ರಣ ಪಟ್ಟಿಯಲ್ಲಿದೆ.

1964ರಲ್ಲಿ ಹೈಸ್ಕೂಲು ಮುಗಿಯಿತು. ಮರುದಿನವೇ, ಅಮೆರಿಕದ ಹಳ್ಳಿಗಾಡಿನ ಹಾಡುಗಳಿಂದ ಬೆಳೆದ ಕಂಟ್ರಿ ಸಂಗೀತದ ರಾಜಧಾನಿ ನ್ಯಾಶ್‌ವಿಲ್‌ಗೆ ಹೊರಟರು. ಅಲ್ಲಿ ಮೊದಲು ಅನ್ನ ಹಾಕಿದ್ದು ದನಿಯಲ್ಲ, ಬರವಣಿಗೆ. ಸೋದರಮಾವ ಬಿಲ್ ಓವೆನ್ಸ್ ಜೊತೆ ಕೂತು ಬರೆದ ಹಾಡುಗಳನ್ನು ಬೇರೆಯವರು ಹಾಡಿದರು. ಅದೇ ಮಾವನ ಜೊತೆ ಸೇರಿ ಹಾಡುಗಳ ಪ್ರಕಾಶನಕ್ಕೆ, ಅಂದರೆ ಹಾಡಿನ ಹಕ್ಕು ಇಟ್ಟುಕೊಂಡು ಬಳಸಿದವರಿಂದ ಹಣ ವಸೂಲಿ ಮಾಡುವ ಕೆಲಸಕ್ಕೆ, ಸ್ವಂತ ಸಂಸ್ಥೆಯನ್ನೂ ಕಟ್ಟಿದರು. ಇನ್ನೂ ಹೆಸರಿಲ್ಲ, ಕೈಯಲ್ಲಿ ದುಡ್ಡಿಲ್ಲ, ವಯಸ್ಸು ಇಪ್ಪತ್ತರ ಆಸುಪಾಸು. ಆದರೂ ಹಾಡಿನ ಪಟ್ಟಾ ಯಾರ ಹೆಸರಿನಲ್ಲಿರಬೇಕು ಎಂಬ ಎಚ್ಚರ ಆಗಲೇ ಇತ್ತು ನೋಡಿ.

1967ರಲ್ಲಿ ಪೋರ್ಟರ್ ವ್ಯಾಗನರ್ ಎಂಬ ದೊಡ್ಡ ಗಾಯಕರ ಟಿವಿ ಕಾರ್ಯಕ್ರಮಕ್ಕೆ ಸೇರಿದರು. ಏಳು ವರ್ಷ ಅಲ್ಲಿದ್ದರು. ಡಾಲಿ ಮನೆಮಾತಾಗಿದ್ದೇ ಆ ಕಾರ್ಯಕ್ರಮದಿಂದ. ಆದರೆ ಸ್ವಂತ ದಾರಿ ಹಿಡಿಯುತ್ತೇನೆ ಎಂದಾಗ ಪೋರ್ಟರ್ ಒಪ್ಪಲಿಲ್ಲ. ವಾದ ಮಾಡಿದಷ್ಟೂ ಜಗಳ. ಕೊನೆಗೆ ಡಾಲಿ ಮನೆಗೆ ಹೋಗಿ ಒಂದು ಹಾಡು ಬರೆದರು. ನಾನಿಲ್ಲಿದ್ದರೆ ನಿಮಗೆ ಅಡ್ಡಿಯಾಗುತ್ತೇನೆ, ಹೋಗುತ್ತೇನೆ, ನಿಮ್ಮ ಮೇಲಿನ ಪ್ರೀತಿ ಮಾತ್ರ ಹೋಗುವುದಿಲ್ಲ ಎಂಬ ಹಾಡು. ಮರುದಿನ ಪೋರ್ಟರ್ ಎದುರಿಗೇ ಹಾಡಿದರು. ಅವರು ಅತ್ತುಬಿಟ್ಟರು. ಹೋಗು, ಆದರೆ ಈ ಹಾಡಿನ ರೆಕಾರ್ಡನ್ನು ನಾನೇ ಮಾಡಿಸುತ್ತೇನೆ ಎಂದರು. ಅದೇ 'ಐ ವಿಲ್ ಆಲ್ವೇಸ್ ಲವ್ ಯು'. 1974ರಲ್ಲಿ ಕಂಟ್ರಿ ಹಾಡುಗಳ ಪಟ್ಟಿಯಲ್ಲಿ ಮೊದಲನೇ ಸ್ಥಾನಕ್ಕೇರಿತು.

ಹೌದು, ಅದು ಡಾಲಿ ಪಾರ್ಟನ್ ಹಾಡು. ಪಾಪ್ ಗಾಯಕಿ ವಿಟ್ನಿ ಹ್ಯೂಸ್ಟನ್ ಹಾಡಲ್ಲವೇ ಎಂದು ಕೇಳುವವರಿಗೆ ನಾನು ಉತ್ತರ ಕೊಟ್ಟು ಕೊಟ್ಟು ಸಾಕಾಗಿದ್ದೇನೆ. ವಿಟ್ನಿ ಹಾಡಿದರು, ಅದ್ಭುತವಾಗಿ ಹಾಡಿದರು. ಬರೆದದ್ದು ಡಾಲಿ.

ಈಗ ನನಗೆ ಅತ್ಯಂತ ಪ್ರಿಯವಾದ ಪ್ರಸಂಗ. ಇದನ್ನು ನಿಧಾನವಾಗಿಯೇ ಹೇಳುತ್ತೇನೆ.

ಆ ಹಾಡು ಎಲ್ವಿಸ್ ಪ್ರೆಸ್ಲಿಯ ಕಿವಿಗೆ ಬಿತ್ತು. ಎಲ್ವಿಸ್ ಅಂದರೆ ಆ ಕಾಲಕ್ಕೆ ಅಮೆರಿಕದ ಸಂಗೀತದ ಚಕ್ರವರ್ತಿ. ಅವರಿಗೆ ಹಾಡು ಬಹಳ ಹಿಡಿಸಿತು, ಹಾಡಲು ನಿಶ್ಚಯಿಸಿದರು. ಡಾಲಿಗೆ ಸುದ್ದಿ ಬಂತು. ಬೆಟ್ಟದ ತಪ್ಪಲಿನ ಆ ಬಡ ಮನೆಯ ಮಗಳ ಹಿಗ್ಗು ಎಷ್ಟಿದ್ದಿರಬೇಕು! ಕಂಡಕಂಡವರಿಗೆಲ್ಲ ಹೇಳಿಕೊಂಡರು. ಅಷ್ಟರಲ್ಲಿ ಎಲ್ವಿಸ್‌ನ ಮ್ಯಾನೇಜರ್ ಕರ್ನಲ್ ಟಾಮ್ ಪಾರ್ಕರ್ ಫೋನ್ ಮಾಡಿದರು. ಎಲ್ವಿಸ್ ಯಾವ ಹಾಡು ಹಾಡಿದರೂ ಅದರ ಪ್ರಕಾಶನದ ಹಕ್ಕಿನಲ್ಲಿ ಕನಿಷ್ಠ ಅರ್ಧ ನಮಗೆ ಬರೆದುಕೊಡಬೇಕು, ಅದು ನಮ್ಮ ಪದ್ಧತಿ ಎಂದರು.

ಇಲ್ಲಿ ಸ್ವಲ್ಪ ಗಮನ ಕೊಟ್ಟು ಕೇಳಿ. ಒಂದು ಹಾಡು ಒಂದು ರೂಪಾಯಿ ರಾಯಲ್ಟಿ, ಅಂದರೆ ಬಳಸಿದ್ದಕ್ಕೆ ಬರುವ ಹಣ, ಗಳಿಸಿತು ಅಂತಿಟ್ಟುಕೊಳ್ಳಿ. ಐವತ್ತು ಪೈಸೆ ಬರೆದವರಿಗೆ, ಐವತ್ತು ಪೈಸೆ ಪ್ರಕಾಶಕರಿಗೆ. ಬರೆದವರೇ ಪ್ರಕಾಶಕರೂ ಆಗಿದ್ದರೆ ಪೂರ್ತಿ ರೂಪಾಯಿ ಅವರದ್ದೇ. ಪಾರ್ಕರ್ ಕೇಳಿದ್ದು ಆ ಎರಡನೇ ಐವತ್ತರಲ್ಲಿ ಅರ್ಧ. ಕೇಳುವುದಕ್ಕೆ ಸಣ್ಣದು. ಹಾಡುತ್ತಿರುವವರು ಎಲ್ವಿಸ್, ಹೋದರೆ ಹೋಗಲಿ ಅಂತ ಯಾರಿಗಾದರೂ ಅನ್ನಿಸುತ್ತದೆ. ಎಂಥೆಂಥ ಅನುಭವಿಗಳೋ ಕೊಟ್ಟಿದ್ದರು.

ಡಾಲಿ ಕೊಡಲಿಲ್ಲ. ಈ ಹಾಡುಗಳು ನನ್ನ ಮನೆಯವರಿಗೆ ನಾನು ಬಿಟ್ಟುಹೋಗುವ ಆಸ್ತಿ, ಕೊಡಲಾರೆ ಎಂದರು. ಹಾಗಿದ್ದರೆ ಎಲ್ವಿಸ್ ಹಾಡುವುದಿಲ್ಲ ಎಂದರು ಪಾರ್ಕರ್. ಎಲ್ವಿಸ್ ಹಾಡಲೇ ಇಲ್ಲ. ರಾತ್ರಿಯೆಲ್ಲ ಅತ್ತೆ ಎಂದು ಡಾಲಿ ಆಮೇಲೆ ಎಷ್ಟೋ ಸಲ ಹೇಳಿಕೊಂಡಿದ್ದಾರೆ. ನಿನಗೆ ತಲೆ ಕೆಟ್ಟಿದೆಯೇ ಎಂದು ಕೇಳಿದವರೂ ಇದ್ದರು. ಅತ್ತರು, ಆದರೆ ಕಾಗದಕ್ಕೆ ಸಹಿ ಹಾಕಲಿಲ್ಲ. ಇದನ್ನು ನೆನಪಿಡಿ. ಅಳುವುದು ಬೇರೆ, ಸಹಿ ಹಾಕುವುದು ಬೇರೆ.

ಹದಿನೆಂಟು ವರ್ಷ ಕಳೆಯಿತು. 1992ರಲ್ಲಿ 'ದ ಬಾಡಿಗಾರ್ಡ್' ಎಂಬ ಸಿನಿಮಾಗೆ ವಿಟ್ನಿ ಹ್ಯೂಸ್ಟನ್ ಅದೇ ಹಾಡನ್ನು ಹಾಡಿದರು. ಮೊದಲು ವಾದ್ಯವೇ ಇಲ್ಲ, ಬರೀ ದನಿ. ಅಮೆರಿಕದ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಪಟ್ಟಿಯಲ್ಲಿ 14 ವಾರ ಮೊದಲನೇ ಸ್ಥಾನದಿಂದ ಅಲ್ಲಾಡಲಿಲ್ಲ. ಡಾಲಿ ಅದನ್ನು ಮೊದಲು ಕೇಳಿದ್ದು ಕಾರು ಓಡಿಸುವಾಗ, ರೇಡಿಯೋದಲ್ಲಿ. ಗಾಡಿಯನ್ನು ರಸ್ತೆ ಬದಿಗೆ ನಿಲ್ಲಿಸಬೇಕಾಯಿತಂತೆ. ನಿಮಗೊಂದು ಸಂಗತಿ ಗೊತ್ತಿರಲಿ, ಅಮೆರಿಕದಲ್ಲಿ ಆಕಾಶದ ಅಲೆಗಳ ಮೇಲೆ ಬರುವ ರೇಡಿಯೋ ಒಂದು ಹಾಡು ಹಾಕಿದರೆ ಹಾಡಿದವರಿಗೆ ಕಾಸಿಲ್ಲ, ಬರೆದವರಿಗೆ ಮತ್ತು ಪ್ರಕಾಶಕರಿಗೆ ಮಾತ್ರ. ಅಂದರೆ ಆ ದೇಶದ ಸ್ಟೇಷನ್ನುಗಳೆಲ್ಲ ವಿಟ್ನಿಯ ದನಿಯನ್ನು ದಿನವಿಡೀ ಹಾಕಿದಷ್ಟೂ ಡಾಲಿಗೆ ಹಣ ಹರಿದುಬಂತು. ಎಲ್ವಿಸ್‌ನ ಅರಮನೆಯಂಥ ಮನೆ ಗ್ರೇಸ್‌ಲ್ಯಾಂಡನ್ನೇ ಕೊಳ್ಳುವಷ್ಟು ಬಂತು ಎಂದು ಆಕೆ ನಗುತ್ತ ಹೇಳುತ್ತಾರೆ. ಆ ದುಡ್ಡಿನಲ್ಲಿ ನ್ಯಾಶ್‌ವಿಲ್‌ನ ಕಪ್ಪು ಜನರ ಬಡಾವಣೆಯಲ್ಲಿ ಒಂದು ಅಂಗಡಿ ಸಂಕೀರ್ಣ ಕೊಂಡು, ಅದನ್ನು ವಿಟ್ನಿ ಕಟ್ಟಿದ ಮನೆ ಎಂದು ಕರೆದರು.

ನಮ್ಮಲ್ಲಿ ಏನು ಎಂದು ಕೇಳುತ್ತೀರಿ. 2012ರಲ್ಲಿ ಭಾರತದ ಕಾಪಿರೈಟ್ ಕಾಯ್ದೆಗೆ ತಿದ್ದುಪಡಿಯಾಯಿತು. ಸಿನಿಮಾದಲ್ಲಿ ಬಳಸಿದ ಹಾಡಿನ ಸಾಹಿತ್ಯ ಬರೆದವರ, ರಾಗ ಹಾಕಿದವರ ರಾಯಲ್ಟಿ ಪಾಲನ್ನು ಚಿತ್ರಮಂದಿರದಾಚೆಗಿನ ಬಳಕೆಗೆ ಅವರ ವಾರಸುದಾರರು ಮತ್ತು ಕಾಪಿರೈಟ್ ಸೊಸೈಟಿ ಬಿಟ್ಟು ಬೇರೆ ಯಾರೂ ಬರೆಸಿಕೊಳ್ಳುವ ಹಾಗಿಲ್ಲ. ನೀವಾಗಿಯೇ ಬಿಟ್ಟುಕೊಡುತ್ತೇನೆ ಎಂದರೂ ಆಗುವುದಿಲ್ಲ. ಇದು ಗೊತ್ತಿಲ್ಲದೆ ಒಂದೇ ಗಂಟಿಗೆ ಎಲ್ಲ ಮುಗಿಯಿತು ಎಂದುಕೊಂಡಿರುವವರನ್ನು ನೋಡಿದರೆ ನನಗೆ ನಿಜವಾಗಿ ಸಂಕಟವಾಗುತ್ತದೆ. ಓದಿ. ಓದಿ ಸಹಿ ಹಾಕಿ.

ಸಮಯ ಬಹಳ ಕಡಿಮೆ ಉಳಿದಿದೆ, ಉಳಿದದ್ದನ್ನು ಬೇಗ ಬೇಗ ಹೇಳುತ್ತೇನೆ. 1977ರಿಂದ ಡಾಲಿ ಕಂಟ್ರಿಯ ಗಡಿ ದಾಟಿ ಪಾಪ್ ಕೇಳುಗರನ್ನೂ ಗೆದ್ದರು. 1980ರ 'ನೈನ್ ಟು ಫೈವ್' ಸಿನಿಮಾದಲ್ಲಿ ಜೇನ್ ಫೋಂಡಾ ಮತ್ತು ಲಿಲಿ ಟಾಮ್ಲಿನ್ ಜೊತೆ ನಟಿಸಿದರು. ಕಚೇರಿಯಲ್ಲಿ ದುಡಿಯುವ ಹೆಂಗಸರ ಕಥೆ ಅದು. ಅದರ ಹಾಡಿನ ತಾಳ ಸಿಕ್ಕಿದ್ದು ಚಿತ್ರೀಕರಣದ ನಡುವೆ ಉಗುರಿಗೆ ಉಗುರು ತಾಗಿಸಿ ಟಕಟಕ ಎನ್ನಿಸಿದಾಗ, ಟೈಪ್‌ರೈಟರ್ ಸದ್ದಿನ ಹಾಗೆ. ಆ ಉಗುರಿನ ಸದ್ದು ರೆಕಾರ್ಡಿನಲ್ಲೂ ಇದೆ. ಬದಿಗಿಡಿ ಎಂದಿದ್ದ ಉಗುರುಗಳಿಗೆ ಇಷ್ಟು ಗೌರವ ಸಲ್ಲಲೇಬೇಕು.

1986ರಲ್ಲಿ ತಮ್ಮದೇ ಜಿಲ್ಲೆಯ ಪಿಜನ್ ಫೋರ್ಜ್ ಊರಿನಲ್ಲಿ ಡಾಲಿವುಡ್ ಎಂಬ ಮನರಂಜನಾ ಉದ್ಯಾನ ತೆರೆದರು. ಈಗ ಸುತ್ತಲಿನ ಸಾವಿರಾರು ಜನರಿಗೆ ಅಲ್ಲೇ ಕೆಲಸ. 2016ರಲ್ಲಿ ಸ್ಮೋಕಿ ಬೆಟ್ಟಗಳಿಗೆ ಬೆಂಕಿ ಬಿದ್ದು ಮನೆ ಕಳೆದುಕೊಂಡವರಿಗೆ ಆಕೆಯ ಪ್ರತಿಷ್ಠಾನ ತಿಂಗಳಿಗೆ ಸಾವಿರ ಡಾಲರಿನಂತೆ ಕೊಟ್ಟಿತು. 2020ರಲ್ಲಿ ಕೋವಿಡ್ ಸಂಶೋಧನೆಗೆ ವಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರಕ್ಕೆ 10 ಲಕ್ಷ ಡಾಲರ್ ಕೊಟ್ಟರು, ಮಾಡರ್ನಾ ಲಸಿಕೆಯ ಕೆಲಸಕ್ಕೂ ಅದರಿಂದ ನೆರವಾಯಿತು. ಎಲ್ಲಕ್ಕಿಂತ ದೊಡ್ಡದು 1995ರಲ್ಲಿ ಶುರುವಾದ ಇಮ್ಯಾಜಿನೇಷನ್ ಲೈಬ್ರರಿ. ಹುಟ್ಟಿದಂದಿನಿಂದ ಐದು ವರ್ಷದ ತನಕ ಮಗುವಿನ ಮನೆಗೆ ತಿಂಗಳಿಗೊಂದು ಪುಸ್ತಕ ಅಂಚೆಯಲ್ಲಿ ಬರುತ್ತದೆ, ಪುಕ್ಕಟೆ. ಈವರೆಗೆ 20 ಕೋಟಿಗೂ ಹೆಚ್ಚು ಪುಸ್ತಕ ಹಂಚಿದ್ದಾರೆ. ಆಕೆಯ ತಂದೆಗೆ ಓದು ಬರಹ ಬರುತ್ತಿರಲಿಲ್ಲ. ಆ ಕೊರಗಿನಿಂದಲೇ ಈ ಯೋಜನೆ ಹುಟ್ಟಿದ್ದು. ಹಾಡಿನಲ್ಲಿ ಬಂದ ದುಡ್ಡು ಯಾರ ಯಾರ ಮನೆ ತಲುಪಿತು ನೋಡಿ. ಅಂದು ಫೋನಿನಲ್ಲಿ ಹೂಂ ಅಂದಿದ್ದರೆ ಅದರಲ್ಲೊಂದು ಪಾಲು ಬೇರೆಯವರ ಪೆಟ್ಟಿಗೆ ಸೇರುತ್ತಿತ್ತು.

ಮಾತು ಮುಗಿದ ಮೇಲೆ ಆ ಹಾಡು ಹಾಕುತ್ತಾರೆ. 1974ರ ರೆಕಾರ್ಡನ್ನೇ ಹಾಕಿ ಎಂದು ನಿಲಯದವರನ್ನು ಕೇಳಿಕೊಂಡಿದ್ದೇನೆ, ಒಪ್ಪಿದ್ದಾರೆ. ಉದ್ಘೋಷಕರು ಎಂದಿನಂತೆ ಮೊದಲು ರಚನೆ ಯಾರದ್ದು ಎಂದು ಹೇಳುತ್ತಾರೆ, ಆಮೇಲೆ ಹಾಡಿದವರ ಹೆಸರು. ಕೇಳಿ. ನಮಸ್ಕಾರ.