ಬೆಂದ ಬೇಳೆಗೆ ಹೊಸ ಒಗ್ಗರಣೆ

ನಮಸ್ಕಾರ. ನನ್ನ ಮೇಜಿನ ಮೇಲೆ ಒಂದು ಪೆಟ್ಟಿಗೆ ಇದೆ. ಒಳಗೆ 12 ಎಲ್‌ಪಿ ರೆಕಾರ್ಡು. ಎರಡೂ ಕೈ ಹಾಕಿ ಎತ್ತಬೇಕು, ಅಷ್ಟು ಭಾರ. ಇಂಗ್ಲೆಂಡಿನ ಗಿಟಾರ್ ವಾದಕ, ಗಾಯಕ ಎರಿಕ್ ಕ್ಲಾಪ್ಟನ್‌ನ ಸ್ಟುಡಿಯೋ ಆಲ್ಬಮ್‌ಗಳು, ರಿಪ್ರೈಸ್ ಅನ್ನೋ ರೆಕಾರ್ಡ್ ಲೇಬಲ್‌ನವು, ರಿಮಾಸ್ಟರ್ ಆಗಿ 2022ರಲ್ಲಿ ಬಂದ ಮೊದಲ ಸಂಪುಟ. 1983ರ ‘ಮನಿ ಅಂಡ್ ಸಿಗರೆಟ್ಸ್’ನಿಂದ 1998ರ ‘ಪಿಲ್‌ಗ್ರಿಮ್’ವರೆಗೆ ಆರು ಆಲ್ಬಮ್, ಜೊತೆಗೆ ಅಲ್ಲಲ್ಲಿ ಉಳಿದ ಬಿಡಿ ಹಾಡುಗಳದ್ದೊಂದು ರೆಕಾರ್ಡು.

ಕ್ಲಾಪ್ಟನ್ ಅಂದ ಕೂಡಲೇ ಜನಕ್ಕೆ ಎರಡು ಕಾಲ ನೆನಪಾಗುತ್ತೆ. ಒಂದು, ಬ್ಲೂಸ್ (ಅಮೆರಿಕದ ಕಪ್ಪು ಜನರ ಸಂಗೀತ) ನುಡಿಸ್ತಿದ್ದ ಜಾನ್ ಮೇಯಾಲ್ ಜೊತೆ ನುಡಿಸಿ, ಕ್ರೀಮ್ ಅನ್ನೋ ಬ್ಯಾಂಡ್ ಕಟ್ಟಿ, 1970ರಲ್ಲಿ ‘ಲೈಲಾ’ ಹಾಡಿದ ಹುಡುಗನ ಕಾಲ. ಇನ್ನೊಂದು, 1992ರ ‘ಅನ್‌ಪ್ಲಗ್ಡ್’ ಆಲ್ಬಮ್. ಕುರ್ಚಿ ಮೇಲೆ ಕೂತು, ಕನ್ನಡಕ ಹಾಕ್ಕೊಂಡು, ಅಕೂಸ್ಟಿಕ್ ಗಿಟಾರ್ ಹಿಡಿದ ಗೃಹಸ್ಥ. ನಡುವೆ ಏನು ಮಾಡ್ತಿದ್ದ ಅಂತ ಕೇಳಿ ನೋಡಿ, ಮುಖ ಮುಖ ನೋಡ್ತಾರೆ. ಗೊತ್ತಿರೋರು ಮೂಗು ಮುರೀತಾರೆ. ‘ಅಯ್ಯೋ, ಆ ಎಂಬತ್ತರ ದಶಕದ ಸೌಂಡು’ ಅಂತಾರೆ.

ಈಗ ರಿಮಾಸ್ಟರ್ ಬಂತಲ್ಲ, ಆ ಸೌಂಡು ಸರಿಹೋಗಿರಬೇಕು ಅಂತ ನೀವು ಅಂದುಕೊಂಡಿದ್ರೆ ಸ್ವಲ್ಪ ತಾಳಿ. ಸ್ಟುಡಿಯೋದಲ್ಲಿ ಗಿಟಾರ್, ಡ್ರಮ್ಸ್, ಕೀಬೋರ್ಡ್, ದನಿ ಎಲ್ಲ ಬೇರೆ ಬೇರೆ ಟ್ರ್ಯಾಕಿನಲ್ಲಿ ಇರುತ್ತೆ. ಅದನ್ನೆಲ್ಲ ಸೇರಿಸಿ ಎಡಕ್ಕೊಂದು ಬಲಕ್ಕೊಂದು ಚಾನೆಲ್‌ಗೆ ಇಳಿಸೋದು ಮಿಕ್ಸಿಂಗ್. ಆ ಮಿಕ್ಸ್ ತಗೊಂಡು ಬೇಸ್ ಇಷ್ಟಿರಲಿ, ಟ್ರೆಬಲ್ ಇಷ್ಟಿರಲಿ, ಒಟ್ಟು ಸದ್ದು ಇಷ್ಟಿರಲಿ ಅಂತ ಹದ ನೋಡೋದು ಮಾಸ್ಟರಿಂಗ್. ರಿಮಾಸ್ಟರ್ ಅಂದ್ರೆ ಈ ಕೊನೇ ಹದವನ್ನಷ್ಟೇ ಮತ್ತೆ ನೋಡೋದು. ಸಾರಿಗೆ ಇನ್ನೊಂದು ಸಲ ಒಗ್ಗರಣೆ ಕೊಡಬಹುದು. ಬೆಂದ ಬೇಳೆ ವಾಪಸ್ ಕಾಳಾಗಲ್ಲ.

ಈ ಪೆಟ್ಟಿಗೆಯಲ್ಲಿ ಬೆಂದ ಬೇಳೆ ಅಂದ್ರೆ ಡ್ರಮ್ಸು. 1980ರಲ್ಲಿ ಬಂದ, ಇಂಗ್ಲೆಂಡಿನ ಗಾಯಕ ಪೀಟರ್ ಗೇಬ್ರಿಯಲ್‌ನ ಮೂರನೇ ಆಲ್ಬಮ್ ರೆಕಾರ್ಡಿಂಗಿನಲ್ಲಿ ಎಂಜಿನಿಯರ್ ಹ್ಯೂ ಪ್ಯಾಡ್‌ಗಮ್ ಮತ್ತೆ ಡ್ರಮ್ಮರ್ ಫಿಲ್ ಕಾಲಿನ್ಸ್ ಸೇರಿ ಒಂದು ಸದ್ದು ಹುಟ್ಟಿಸಿದ್ರು. ಡ್ರಮ್ ಹೊಡೆದಾಗ ದೊಡ್ಡ ಹಾಲ್‌ನಲ್ಲಿ ಮೊಳಗೋ ಹಾಗೆ ಪ್ರತಿಧ್ವನಿ ಏಳುತ್ತೆ, ಆದ್ರೆ ಅದು ಮೆಲ್ಲಗೆ ಇಳಿಯೋಕೆ ಮುಂಚೆನೇ ಬಾಗಿಲು ಬಡಿದ ಹಾಗೆ ಕಟ್ ಆಗುತ್ತೆ. ಗೇಟೆಡ್ ರಿವರ್ಬ್ ಅಂತ ಅದರ ಹೆಸರು. ಮುಂದಿನ ವರ್ಷವೇ ಕಾಲಿನ್ಸ್‌ನ ‘ಇನ್ ದಿ ಏರ್ ಟುನೈಟ್’ ಬಂತು, ಹತ್ತು ವರ್ಷ ಇಡೀ ಲೋಕದ ಡ್ರಮ್ಸು ಹಾಗೇ ಕೇಳಿಸ್ತು. ಅದೇ ಕಾಲಿನ್ಸ್ 1985ರ ‘ಬಿಹೈಂಡ್ ದಿ ಸನ್’ಗೂ 1986ರ ‘ಆಗಸ್ಟ್’ಗೂ ಕ್ಲಾಪ್ಟನ್‌ನ ಪ್ರೊಡ್ಯೂಸರ್, ಅಂದ್ರೆ ರೆಕಾರ್ಡಿಂಗಿನ ಉಸ್ತುವಾರಿ ನೋಡಿಕೊಂಡವನು. ಯಾವ ರಿಮಾಸ್ಟರೂ ಆ ಡ್ರಮ್ಸನ್ನ ಕಿತ್ತು ತೆಗೆಯೋಕಾಗಲ್ಲ.

ಆದ್ರೆ ಒಂದು ವಾರ ಸಂಜೆ ಸಂಜೆ ಕೂತು ಇದನ್ನೆಲ್ಲ ವರ್ಷದ ಕ್ರಮದಲ್ಲೇ ಕೇಳಿದ ಮೇಲೆ ನನಗೆ ಅನ್ನಿಸಿದ್ದು ಬೇರೆ. ಇಷ್ಟು ವರ್ಷ ನಾವು ಡ್ರಮ್ಸನ್ನ ಸುಮ್ಮನೆ ಬೈದ್ವಿ. ತೊಂದರೆ ಇದ್ದದ್ದು ಲಗಾಮು ಯಾರ ಕೈಯಲ್ಲಿತ್ತು ಅನ್ನೋದರಲ್ಲಿ.

‘ಬಿಹೈಂಡ್ ದಿ ಸನ್’ ಕಥೆ ಕೇಳಿ. 1984ರಲ್ಲಿ ಕೆರಿಬಿಯನ್ ದ್ವೀಪ ಮಾಂಟ್‌ಸೆರಾಟ್‌ನ ಏರ್ ಸ್ಟುಡಿಯೋದಲ್ಲಿ ರೆಕಾರ್ಡ್ ಮಾಡಿದ್ರು. (ಆ ಸ್ಟುಡಿಯೋ ಈಗಿಲ್ಲ. 1989ರ ಹ್ಯೂಗೋ ಚಂಡಮಾರುತಕ್ಕೆ ಹಾಳಾಯ್ತು.) ಟೇಪು ಕೇಳಿದ ವಾರ್ನರ್ ಕಂಪನಿಯವರು (ರಿಪ್ರೈಸ್ ಇವರದ್ದೇ) ‘ಇದರಲ್ಲಿ ಹಿಟ್ ಇಲ್ಲ’ ಅಂದ್ರು. ಜೆರ್ರಿ ಲಿನ್ ವಿಲಿಯಮ್ಸ್ ಅನ್ನೋ ಗೀತರಚನಕಾರನ ಮೂರು ಹಾಡು ಕೊಟ್ಟು, ಲಾಸ್ ಏಂಜಲೀಸ್‌ಗೆ ಕರೆಸಿ, ಬೇರೆ ಪ್ರೊಡ್ಯೂಸರ್‌ಗಳು, ಬೇರೆ ವಾದ್ಯಗಾರರನ್ನ ಇಟ್ಟು ರೆಕಾರ್ಡ್ ಮಾಡಿಸಿದ್ರು. ಅದರಲ್ಲೊಂದು ‘ಫಾರೆವರ್ ಮ್ಯಾನ್’, ಒಳ್ಳೇ ಹಾಡು, ಓಡಿತು ಕೂಡ. ಆದ್ರೆ ಆಲ್ಬಮ್ ಕೇಳಿದ್ರೆ ಎರಡು ಬೇರೆ ಬಟ್ಟೆ ಹೊಲಿದ ಹಾಗಿದೆ. ಹೊಲಿಗೆ ಎಲ್ಲಿದೆ ಅಂತ ರಿಮಾಸ್ಟರ್‌ನಲ್ಲಿ ಇನ್ನೂ ಚೆನ್ನಾಗಿ ಕಾಣುತ್ತೆ!

ಕಂಪನಿಗೆ ಬೇಡವಾದ ಭಾಗದಲ್ಲಿ ಏನಿತ್ತು ಗೊತ್ತಾ? ‘ಸೇಮ್ ಓಲ್ಡ್ ಬ್ಲೂಸ್’, ಎಂಟು ನಿಮಿಷದ್ದು. ‘ಜಸ್ಟ್ ಲೈಕ್ ಎ ಪ್ರಿಸನರ್’. ಎರಡನೆಯದರ ಕೊನೇ ಸೋಲೋ, ಅಂದ್ರೆ ಗಿಟಾರೇ ಮುಂದೆ ನಿಂತು ನುಡಿಯೋ ಭಾಗ, ಹಾಕಿ ನೋಡಿ. ಕ್ಲಾಪ್ಟನ್ ತಂತಿಯನ್ನ ಪಕ್ಕಕ್ಕೆ ಎಳೆದು ಸ್ವರ ಏರಿಸ್ತಾನೆ. ನಮ್ಮ ವೈಣಿಕರು ಒಂದೇ ಮೆಟ್ಟಿನ ಮೇಲೆ ತಂತಿ ಎಳೆದು ಗಮಕ ತೆಗೀತಾರಲ್ಲ, ಕೆಲಸ ಅದೇ. ಆದ್ರೆ ಇಲ್ಲಿ ಏರಿದ ಸ್ವರ ಒಂದು ಕಡೆ ನೆಲೆ ನಿಲ್ಲೋಕೆ ಒಪ್ಪಲ್ಲ, ಜಗಳಕ್ಕೆ ನಿಂತ ಹಾಗೆ ಮತ್ತೆ ಮತ್ತೆ ಮೇಲಕ್ಕೆ ಹೋಗುತ್ತೆ. ಪ್ಯಾಟಿ ಬಾಯ್ಡ್ ಜೊತೆಗಿನ ಮದುವೆ ಮುರಿದು ಬೀಳ್ತಿದ್ದ ಸಮಯ ಅದು. ಹಿಂದೆ ಆ ಢಂ ಢಂ ಡ್ರಮ್ಸು ಇದೆ, ಇರಲಿ ಬಿಡಿ. ಮನುಷ್ಯ ನಿಜವಾಗಿ ನುಡಿಸ್ತಿದ್ರೆ ಡ್ರಮ್ಸು ಅಡ್ಡ ಬರಲ್ಲ.

‘ಆಗಸ್ಟ್’ ಬಗ್ಗೆ ಜಾಸ್ತಿ ಹೇಳಲ್ಲ. ಮಗ ಕಾನರ್ ಹುಟ್ಟಿದ ತಿಂಗಳು ಅಂತ ಆ ಹೆಸರು. ಟೀನಾ ಟರ್ನರ್ ಜೊತೆ ಒಂದು ಹಾಡಿದೆ. ಜಪಾನಿನ ಯೆಲ್ಲೋ ಮ್ಯಾಜಿಕ್ ಆರ್ಕೆಸ್ಟ್ರಾದ ‘ಬಿಹೈಂಡ್ ದಿ ಮಾಸ್ಕ್’ ಅನ್ನೋ ಸಿಂಥಸೈಜರ್ ಹಾಡಿಗೆ ಮೈಕೆಲ್ ಜಾಕ್ಸನ್ ಸಾಹಿತ್ಯ ಸೇರಿಸಿದ್ದ, ಅದನ್ನೂ ಈತ ಹಾಡಿದಾನೆ. ವಿಚಿತ್ರ, ಮಜಾ ಇದೆ, ಆದ್ರೆ ಗಿಟಾರ್ ಎಲ್ಲಿ ಅಂತ ಹುಡುಕಬೇಕು. 1989ರ ‘ಜರ್ನಿಮ್ಯಾನ್’ ಎಲ್ಲರಿಗೂ ಇಷ್ಟ, ನನಗೂ. ಆದ್ರೆ ಅದು ತುಂಬ ನುಣುಪು, ಇಸ್ತ್ರಿ ಹಾಕಿದ ಶರ್ಟಿನ ಹಾಗೆ.

ಆಮೇಲೆ 1994. ‘ಫ್ರಮ್ ದಿ ಕ್ರೇಡಲ್’. 16 ಹಾಡು, ಎಲ್ಲ ಹಳೇ ಬ್ಲೂಸ್, ತನ್ನದು ಅಂತ ಒಂದೂ ಇಲ್ಲ. ಲೆರಾಯ್ ಕಾರ್, ಮಡ್ಡಿ ವಾಟರ್ಸ್, ಎಲ್ಮೋರ್ ಜೇಮ್ಸ್, ಫ್ರೆಡ್ಡಿ ಕಿಂಗ್ ಹಾಡಿದ್ದು. ಎಲ್ಲರೂ ಒಂದೇ ಕೋಣೆಯಲ್ಲಿ ಕೂತು ಒಟ್ಟಿಗೆ ನುಡಿಸಿದ್ದು, ಆಮೇಲೆ ಮೇಲಿಂದ ಸೇರಿಸಿದ್ದು ಒಂದೆರಡು ಕಡೆ ಮಾತ್ರ. ‘ಅನ್‌ಪ್ಲಗ್ಡ್’ ಲೆಕ್ಕವಿಲ್ಲದಷ್ಟು ಮಾರಾಟವಾಗಿ, 1993ರಲ್ಲಿ ಕ್ಲಾಪ್ಟನ್ ಆರು ಗ್ರ್ಯಾಮಿ ಗೆದ್ದ ಮೇಲೆ ಈತನಿಗೆ ‘ಬೇಡ’ ಅನ್ನೋ ಧೈರ್ಯ ಯಾರಿಗೂ ಇರಲಿಲ್ಲ. ಹಿಟ್ ಇಲ್ಲ ಅಂತ ಯಾರೂ ಅನ್ನಲಿಲ್ಲ. ಆ ಆಲ್ಬಮ್ ಅಮೆರಿಕದಲ್ಲೂ ಬ್ರಿಟನ್‌ನಲ್ಲೂ ಮೊದಲ ಸ್ಥಾನಕ್ಕೆ ಹೋಯ್ತು. ಹತ್ತು ವರ್ಷದ ಹಿಂದೆ ಕಂಪನಿ ಬೇಡ ಅಂದದ್ದೂ ಬ್ಲೂಸೇ, ಈಗ ಗೆದ್ದದ್ದೂ ಬ್ಲೂಸೇ. ‘ಫೈವ್ ಲಾಂಗ್ ಇಯರ್ಸ್’ನಲ್ಲಿ ಆತ ಹಾಡೋದಲ್ಲ, ಕಿರುಚ್ತಾನೆ. ಈ ಪೆಟ್ಟಿಗೆಯಲ್ಲಿ ರಿಮಾಸ್ಟರ್‌ಗೆ ಅರ್ಥ ಬಂದದ್ದು ಇಲ್ಲೇ. ಕೋಣೆ ಅನ್ನೋದು ಒಂದಿದ್ರೆ ತಾನೇ ಆ ಕೋಣೆ ಕೇಳಿಸೋದು?

ಒಂದು ಮಾತು ಹೇಳದೆ ಮುಂದೆ ಹೋಗೋಕೆ ಮನಸ್ಸು ಒಪ್ತಿಲ್ಲ. 1976ರ ಆಗಸ್ಟ್‌ನಲ್ಲಿ ಬರ್ಮಿಂಗ್‌ಹ್ಯಾಮ್ ವೇದಿಕೆ ಮೇಲೆ ಇದೇ ಮನುಷ್ಯ ಕುಡಿದು, ವಲಸೆ ಬಂದವರ ವಿರುದ್ಧ ಹೊಲಸು ಮಾತಾಡಿದ್ದ. ಅದರ ಸಿಟ್ಟಿನಲ್ಲೇ ‘ರಾಕ್ ಅಗೇನ್‌ಸ್ಟ್ ರೇಸಿಸಂ’ ಚಳವಳಿ ಹುಟ್ಟಿತು. ಆಮೇಲೆ ನಾಚಿಕೆ ಆಗುತ್ತೆ ಅಂತ ಆತನೇ ಒಪ್ಪಿಕೊಂಡ. ಆದ್ರೂ ಕಪ್ಪು ಜನರ 16 ಹಾಡು ಇಷ್ಟು ಪ್ರೀತಿಯಿಂದ ಹಾಡೋದನ್ನ ಕೇಳುವಾಗ ಆ ರಾತ್ರಿ ನೆನಪಾಗದೆ ಇರಲ್ಲ. ನೆನಪಾಗಬೇಕು ಕೂಡ.

ಕೊನೇದು ‘ಪಿಲ್‌ಗ್ರಿಮ್’. ಪ್ರೊಡ್ಯೂಸರ್ ಸೈಮನ್ ಕ್ಲೈಮಿ ಜೊತೆ ಕೂತು ಮಾಡಿದ್ದು, ಕಂಪ್ಯೂಟರ್ ತಾಳ, ಮೆತ್ತನೆ ಕೀಬೋರ್ಡು. ಬ್ಲೂಸ್ ಭಕ್ತರು ಇದನ್ನ ಮುಟ್ಟಲ್ಲ. ನಾನೂ ಬಹಳ ವರ್ಷ ಮುಟ್ಟಿರಲಿಲ್ಲ. ಆದ್ರೆ ಇಲ್ಲಿ ಲಗಾಮು ಆತನ ಕೈಯಲ್ಲೇ ಇದೆ, ಹಾಗಾಗಿ ಆ ಮಷೀನ್ ತಾಳ ನನಗೆ ತೊಂದರೆ ಕೊಡಲಿಲ್ಲ. 1991ರ ಮಾರ್ಚ್‌ನಲ್ಲಿ ನಾಲ್ಕು ವರ್ಷದ ಕಾನರ್ ನ್ಯೂಯಾರ್ಕಿನ 53ನೇ ಮಹಡಿಯ ಕಿಟಕಿಯಿಂದ ಬಿದ್ದು ತೀರಿಕೊಂಡ. ‘ಸರ್ಕಸ್’ ಹಾಡು ಮಗನ ಜೊತೆ ಸರ್ಕಸ್‌ಗೆ ಹೋದ ಆ ಕೊನೇ ಸಂಜೆಯದ್ದು. ‘ಮೈ ಫಾದರ್ಸ್ ಐಸ್’ ತಾನು ಕಣ್ಣಲ್ಲಿ ನೋಡೇ ಇರದ ಅಪ್ಪನದ್ದು. ಕ್ಲಾಪ್ಟನ್‌ನ ಅಪ್ಪ ಯುದ್ಧದ ಕಾಲದಲ್ಲಿ ಇಂಗ್ಲೆಂಡಿಗೆ ಬಂದಿದ್ದ ಕೆನಡಾದ ಸೈನಿಕ. ಹುಡುಗನನ್ನ ಅಜ್ಜ ಅಜ್ಜಿ ಸಾಕಿದ್ರು, ತಾಯಿಯನ್ನೇ ಅಕ್ಕ ಅಂತ ಅಂದುಕೊಂಡು ಬೆಳೆದ.

ಆಲ್ಬಮ್ ಬಂದದ್ದು 1998ರ ಮಾರ್ಚ್‌ನಲ್ಲಿ. ಅದೇ ತಿಂಗಳು ಕೆನಡಾದ ಪತ್ರಕರ್ತರೊಬ್ಬರು ಆ ಅಪ್ಪ ಯಾರು ಅಂತ ಪತ್ತೆ ಹಚ್ಚಿದ್ರು. ಎಡ್ವರ್ಡ್ ಫ್ರೈಯರ್, ಪಿಯಾನೋ ನುಡಿಸ್ತಿದ್ದವನು, 1985ರಲ್ಲೇ ಹೋಗಿಬಿಟ್ಟಿದ್ದ. ‘ಬಿಹೈಂಡ್ ದಿ ಸನ್’ ಬಂದ ವರ್ಷ.

ಪೆಟ್ಟಿಗೆ ಕೊಳ್ಳಬೇಕಾ ಅಂತ ಕೇಳ್ತೀರಿ. ‘ಟಿಯರ್ಸ್ ಇನ್ ಹೆವನ್’, ‘ಚೇಂಜ್ ದಿ ವರ್ಲ್ಡ್’ಗೋಸ್ಕರ ಅಂದ್ರೆ ಬೇಡ. ಅವು ಸಿನಿಮಾಗೆ ಹಾಡಿದ್ದು, ಈ ಆರು ಆಲ್ಬಮ್‌ನಲ್ಲಿ ಯಾವುದರಲ್ಲೂ ಇಲ್ಲ. ದುಡ್ಡು ಒಂದೆರಡು ರೆಕಾರ್ಡಿಗೆ ಮಾತ್ರ ಇದ್ರೆ ‘ಫ್ರಮ್ ದಿ ಕ್ರೇಡಲ್’ ತಗೊಳ್ಳಿ, ‘ಬಿಹೈಂಡ್ ದಿ ಸನ್’ ತಗೊಳ್ಳಿ. ಎರಡನೆಯದರಲ್ಲಿ ಜೆರ್ರಿ ಲಿನ್ ವಿಲಿಯಮ್ಸ್‌ನ ಆ ಮೂರು ಹಾಡು ಬಿಟ್ಟು ಉಳಿದದ್ದನ್ನ ಒಂದೇ ಸಲ ಕೂತು ಕೇಳಿ. ಕಂಪನಿ ವಾಪಸ್ ಕಳಿಸಿದ್ದ ಆಲ್ಬಮ್ ಹೆಚ್ಚುಕಮ್ಮಿ ಅದೇ.