ಫೊಲಾವ್ ಪೋಸ್ಟು ಮತ್ತು ತೀರ್ಪೇ ಬರದ ಕೇಸು

ಕುಡುಕರು, ಸಲಿಂಗಕಾಮಿಗಳು, ವ್ಯಭಿಚಾರಿಗಳು, ಸುಳ್ಳುಗಾರರು, ಜಾರರು, ಕಳ್ಳರು, ನಾಸ್ತಿಕರು, ವಿಗ್ರಹಾರಾಧಕರು. ನಿಮಗೆ ನರಕ ಕಾದಿದೆ. ಪಶ್ಚಾತ್ತಾಪ ಪಡಿ. ಯೇಸುವೊಬ್ಬನೇ ರಕ್ಷಕ.

2019ರ ಏಪ್ರಿಲ್ 10ರಂದು ಆಸ್ಟ್ರೇಲಿಯಾದ ರಗ್ಬಿ ಆಟಗಾರ ಇಸ್ರೇಲ್ ಫೊಲಾವ್ ಇನ್‌ಸ್ಟಾಗ್ರಾಮ್‌ನಲ್ಲಿ ಹಾಕಿದ ಪೋಸ್ಟರಿನ ಸಾರಾಂಶ ಇದು. ಪಟ್ಟಿಯಲ್ಲಿ ಎಂಟು ಬಗೆಯ ಪಾಪಿಗಳಿದ್ದಾರೆ. ಎಂಟನೆಯವರು ವಿಗ್ರಹಾರಾಧಕರು. ಅಂದರೆ ಬೆಳಿಗ್ಗೆ ಗಣಪತಿಗೆ ಕೈಮುಗಿದು ಮನೆಯಿಂದ ಹೊರಡುವ ನಮ್ಮಲ್ಲಿ ಬಹುಪಾಲು ಜನಕ್ಕೂ ಅಲ್ಲಿ ಸೀಟು ಕಾದಿರಿಸಿದ್ದರು! ಆದರೆ ಗದ್ದಲ ಎದ್ದದ್ದು ಎರಡನೆಯ ಪದದ ಮೇಲೆ. ಪೋಸ್ಟು ಬಿದ್ದ 37ನೇ ದಿನಕ್ಕೆ, ದೇಶಕ್ಕಾಗಿ 73 ಟೆಸ್ಟ್ (ರಗ್ಬಿಯಲ್ಲಿ ಅಂತರರಾಷ್ಟ್ರೀಯ ಪಂದ್ಯ) ಆಡಿದ್ದ ಆಟಗಾರನ ಒಪ್ಪಂದ ರದ್ದಾಯಿತು.

ಒಂದು ಕಡೆಯವರು ಇದನ್ನು ಧರ್ಮದ ಮೇಲಿನ ದಾಳಿ ಅಂದರು, ವಾಕ್ ಸ್ವಾತಂತ್ರ್ಯದ ಕೊಲೆ ಅಂದರು. ಇನ್ನೊಂದು ಕಡೆಯವರು ದ್ವೇಷಕ್ಕೆ ತಕ್ಕ ಶಾಸ್ತಿ ಅಂದರು. ಕಡತ ಬಿಡಿಸಿ ನೋಡಿದರೆ ಇದು ಅಷ್ಟು ದೊಡ್ಡ ಯುದ್ಧವೇನೂ ಅಲ್ಲ. ಒಪ್ಪಂದ ಬರೆಯೋ ಮೇಜಿನ ಮೇಲೆ ಆದ ಎಡವಟ್ಟು ಇದು. ಎಡವಿದ್ದು ಮುಖ್ಯವಾಗಿ ಆಟಗಾರ ಅಲ್ಲ, ಅವರನ್ನು ಕೆಲಸಕ್ಕಿಟ್ಟುಕೊಂಡ ರಗ್ಬಿ ಆಸ್ಟ್ರೇಲಿಯಾ ಅನ್ನೋದು ನನ್ನ ವಾದ. ಆ ಪೋಸ್ಟು ನನಗೇನೂ ಹಿಡಿಸಿಲ್ಲ, ಅದನ್ನು ಮೊದಲೇ ಹೇಳಿಬಿಡ್ತೀನಿ. ಆದರೆ ಹಿಡಿಸೋದು ಬಿಡೋದು ಕಾನೂನಿನ ಪ್ರಶ್ನೆಯೇ ಅಲ್ಲ.

ಮೊದಲು ಈ ವಾಕ್ ಸ್ವಾತಂತ್ರ್ಯದ ಮಾತು. ನಮ್ಮ ಸಂವಿಧಾನದಲ್ಲಿ 19(1)(ಎ) ಇದೆಯಲ್ಲ, ಅಂಥದ್ದೊಂದು ವಿಧಿ ಆಸ್ಟ್ರೇಲಿಯಾದ ಸಂವಿಧಾನದಲ್ಲಿ ಇಲ್ಲವೇ ಇಲ್ಲ. 1992ರಲ್ಲಿ ಅಲ್ಲಿನ ಹೈಕೋರ್ಟು, ಅದೇ ಅವರ ಅತ್ಯುನ್ನತ ಕೋರ್ಟು, ಸಂವಿಧಾನದ ಸಾಲುಗಳ ನಡುವೆ ಒಂದು ರಾಜಕೀಯ ಸಂವಹನದ ಸ್ವಾತಂತ್ರ್ಯವನ್ನು ಕಂಡುಕೊಂಡಿತು. ಅದು ವ್ಯಕ್ತಿಯ ಹಕ್ಕಲ್ಲ, ಶಾಸನ ಮಾಡುವವರ ಕೈಗೆ ಹಾಕಿದ ಲಗಾಮು. ಇನ್ನು ಧರ್ಮದ ವಿಷಯಕ್ಕಿರುವ 116ನೇ ವಿಧಿ ಕಟ್ಟಿಹಾಕೋದು ಕೇಂದ್ರ ಸಂಸತ್ತನ್ನು ಮಾತ್ರ. ಒಂದು ಕ್ರೀಡಾ ಸಂಸ್ಥೆ ತನ್ನ ಆಟಗಾರನಿಗೆ ಕೊಟ್ಟ ನೋಟಿಸನ್ನು ಇವೆರಡೂ ಮುಟ್ಟೋದಿಲ್ಲ.

ಇದಕ್ಕೆ ಪುರಾವೆ ಅದೇ 2019ರ ಆಗಸ್ಟ್ 7ಕ್ಕೆ ಬಂತು. ಬ್ಯಾನರ್ಜಿ ಪ್ರಕರಣ. ವಲಸೆ ಇಲಾಖೆಯ ಉದ್ಯೋಗಿಯೊಬ್ಬರು ಹೆಸರು ಮರೆಮಾಡಿ 9,000ಕ್ಕೂ ಹೆಚ್ಚು ಟ್ವೀಟು ಮಾಡಿದ್ದರು, ಬಹಳಷ್ಟು ಸರ್ಕಾರದ ನೀತಿಯನ್ನೇ ಟೀಕಿಸಿದವು. ಕೆಲಸ ಹೋಯಿತು. ಹೈಕೋರ್ಟಿನ ನ್ಯಾಯಮೂರ್ತಿಗಳು ಒಬ್ಬರೂ ಭಿನ್ನಮತ ಹೇಳದೆ ವಜಾ ಸರಿ ಅಂದರು. ಸರ್ಕಾರಿ ನೌಕರರ ರಾಜಕೀಯ ಮಾತಿಗೇ ಈ ಗತಿಯಾದರೆ, ಖಾಸಗಿ ಸಂಸ್ಥೆಯ ಆಟಗಾರರ ಧಾರ್ಮಿಕ ಮಾತಿಗೆ ಸಂವಿಧಾನದಿಂದ ಏನು ಸಿಕ್ಕೀತು?

ಹಾಗಾದರೆ ಉಳಿಯೋದು ಉದ್ಯೋಗ ಕಾನೂನು. ಅಲ್ಲಿಗೆ ಹೋಗೋ ಮೊದಲು ಒಪ್ಪಂದ ಹೇಗಿತ್ತು ನೋಡೋಣ.

2018ರ ಏಪ್ರಿಲ್‌ನಲ್ಲೇ ಫೊಲಾವ್ ಒಂದು ಸಲ ಇದೇ ಮಾತು ಆಡಿದ್ದರು. ಸಲಿಂಗಕಾಮಿಗಳಿಗೆ ದೇವರ ಯೋಜನೆ ಏನು ಅಂತ ಇನ್‌ಸ್ಟಾಗ್ರಾಮ್‌ನಲ್ಲಿ ಯಾರೋ ಕೇಳಿದರೆ, ಪಶ್ಚಾತ್ತಾಪ ಪಡದಿದ್ದರೆ ನರಕ ಅಂತ ಉತ್ತರ ಬರೆದರು. ಆಗ ಶಿಕ್ಷೆ ಏನೂ ಆಗಲಿಲ್ಲ. ಸಂಸ್ಥೆಯ ಮುಖ್ಯಸ್ಥೆ ರೇಲೀನ್ ಕ್ಯಾಸಲ್ ಕರೆದು ಮಾತಾಡಿದರು. ಅದಾಗಿ ಒಂದು ವರ್ಷ ತುಂಬೋದರೊಳಗೆ 2022ರ ಕೊನೆವರೆಗಿನ ಹೊಸ ಒಪ್ಪಂದ ಕೊಟ್ಟರು, ಮೊತ್ತ ಸುಮಾರು 40 ಲಕ್ಷ ಆಸ್ಟ್ರೇಲಿಯನ್ ಡಾಲರ್ ಅಂತ ಪತ್ರಿಕೆಗಳು ಬರೆದವು. ಈ ಮನುಷ್ಯ ಏನು ನಂಬುತ್ತಾರೆ, ಎಲ್ಲಿ ಬರೆಯುತ್ತಾರೆ, ಬರೆದರೆ ಎಂಥ ಗದ್ದಲ ಆಗುತ್ತೆ, ಎಲ್ಲವೂ ಗೊತ್ತಿದ್ದೇ ಸಹಿ ಹಾಕಿಸಿಕೊಂಡರು. ಆ ಒಪ್ಪಂದದಲ್ಲಿ ಸೋಶಿಯಲ್ ಮೀಡಿಯಾ ಬಗ್ಗೆ ಪ್ರತ್ಯೇಕ ಷರತ್ತು ಇರಲಿಲ್ಲ ಅನ್ನೋದು ಆಗಲೇ ದೊಡ್ಡ ಸುದ್ದಿಯಾಯಿತು. ಸೋರೋದು ಗೊತ್ತಿದ್ದೂ ಹೆಂಚು ಹೊದಿಸದೆ ಮಳೆಗಾಲಕ್ಕೆ ಕಾದ ಹಾಗೆ.

ಅವರ ಕೈಯಲ್ಲಿ ಇದ್ದದ್ದು ಎಲ್ಲ ಆಟಗಾರರಿಗೂ ಅನ್ವಯಿಸುವ ನೀತಿಸಂಹಿತೆ. ಅದರ ಒಂದು ಸಾಲು ಹೀಗಿದೆ: ಲಿಂಗ, ಲೈಂಗಿಕ ಒಲವು, ಜನಾಂಗ, ಸಾಂಸ್ಕೃತಿಕ ಅಥವಾ ಧಾರ್ಮಿಕ ಹಿನ್ನೆಲೆ, ವಯಸ್ಸು, ಅಂಗವೈಕಲ್ಯ ಯಾವುದನ್ನೂ ನೋಡದೆ ಎಲ್ಲರನ್ನೂ ಸಮಾನವಾಗಿ, ಘನತೆಯಿಂದ ಕಾಣಬೇಕು. ಸೋಶಿಯಲ್ ಮೀಡಿಯಾವನ್ನು ಸರಿಯಾಗಿ ಬಳಸಬೇಕು ಅಂತ ಇನ್ನೊಂದು ಸಾಲು. ಲೈಂಗಿಕ ಒಲವು, ಧಾರ್ಮಿಕ ಹಿನ್ನೆಲೆ, ಎರಡೂ ಒಂದೇ ವಾಕ್ಯದಲ್ಲಿ ಅಕ್ಕಪಕ್ಕ ಕೂತಿವೆ ನೋಡಿ. ಎರಡೂ ಒಂದಕ್ಕೊಂದು ಡಿಕ್ಕಿ ಹೊಡೆದಾಗ ಯಾವುದು ಮೇಲು? ಸಂಹಿತೆಯಲ್ಲಿ ಅದಕ್ಕೆ ಉತ್ತರ ಇಲ್ಲ.

ಏಪ್ರಿಲ್ 15ಕ್ಕೆ ನೋಟಿಸು. ಒಪ್ಪಿಕೊಳ್ಳಲು ಅಥವಾ ವಿಚಾರಣೆ ಕೇಳಲು 48 ಗಂಟೆ ಗಡುವು. ಫೊಲಾವ್ ವಿಚಾರಣೆ ಕೇಳಿದರು. ಸಿಡ್ನಿಯಲ್ಲಿ ಮೂವರ ಮಂಡಳಿ ಮೂರು ದಿನ ಕೇಳಿ, ಮೇ 7ರಂದು ಇದು ಅತಿ ಗಂಭೀರ ಮಟ್ಟದ ಉಲ್ಲಂಘನೆ ಅಂದಿತು. ಕೆಳ ಮಟ್ಟದ, ಮಧ್ಯಮ ಮಟ್ಟದ ಉಲ್ಲಂಘನೆಗಳೂ ಸಂಹಿತೆಯಲ್ಲಿವೆ, ಆದರೆ ಒಪ್ಪಂದವನ್ನೇ ಕಡಿಯೋಕೆ ಈ ಮೇಲಿನ ಮೆಟ್ಟಿಲು ಬೇಕೇ ಬೇಕು. ಮೇ 17ಕ್ಕೆ ವಜಾ. ಒಳಗಿನ ಮೇಲ್ಮನವಿಗೆ ಮೂರು ದಿನ ಇತ್ತು, ಅವರು ಹೋಗಲಿಲ್ಲ. ಹೊರಗಿನ ಕಾನೂನಿನ ಕಡೆ ತಿರುಗಿದರು.

ಇಲ್ಲಿಂದ ಮುಂದೆ ವಕೀಲರ ಕಸುಬು ಕಾಣಿಸುತ್ತೆ. ಅಲ್ಲಿನ ಫೇರ್ ವರ್ಕ್ ಕಾಯ್ದೆ 2009ರಲ್ಲಿ ಹೊರದೂಡಲ್ಪಟ್ಟವರಿಗೆ ಹಲವು ಬಾಗಿಲುಗಳಿವೆ. ಮೊದಲನೆಯದು ಅನ್ಯಾಯದ ವಜಾ. ಆದರೆ ಅವಾರ್ಡು (ಒಂದು ಉದ್ಯಮಕ್ಕೆಲ್ಲ ಅನ್ವಯಿಸುವ ಕನಿಷ್ಠ ಸಂಬಳ, ಸೌಲಭ್ಯದ ನಿಯಮ) ಅಥವಾ ನೋಂದಾಯಿತ ಸಾಮೂಹಿಕ ಒಪ್ಪಂದದ ರಕ್ಷಣೆ ಇಲ್ಲದವರ ಸಂಬಳ ಒಂದು ಮಿತಿ ದಾಟಿದ್ದರೆ ಆ ಬಾಗಿಲು ಮುಚ್ಚಿರುತ್ತೆ. ಆ ವರ್ಷದ ಮಿತಿ 1,45,400 ಡಾಲರ್, ಫೊಲಾವ್ ಅವರದು ವರ್ಷಕ್ಕೆ ಹತ್ತು ಲಕ್ಷದ ಲೆಕ್ಕ. ಎರಡನೆಯದು 351ನೇ ಸೆಕ್ಷನ್. ಧರ್ಮದ ಕಾರಣಕ್ಕೆ ನೌಕರನಿಗೆ ತೊಂದರೆ ಕೊಡಬಾರದು ಅನ್ನುತ್ತೆ. ಆದರೆ ಅದಕ್ಕೊಂದು ಬಾಲ ಇದೆ: ಆ ರಾಜ್ಯದ ತಾರತಮ್ಯ ವಿರೋಧಿ ಕಾನೂನಿನಲ್ಲಿ ಅದು ತಪ್ಪಲ್ಲದಿದ್ದರೆ ಇಲ್ಲೂ ತಪ್ಪಲ್ಲ. ವಿಕ್ಟೋರಿಯಾ, ಕ್ವೀನ್ಸ್‌ಲ್ಯಾಂಡ್ ರಾಜ್ಯಗಳ ಕಾನೂನು ಧಾರ್ಮಿಕ ನಂಬಿಕೆಗೆ ರಕ್ಷಣೆ ಕೊಡುತ್ತೆ. ಸಿಡ್ನಿ ಇರುವ ನ್ಯೂ ಸೌತ್ ವೇಲ್ಸ್‌ನ 1977ರ ಕಾಯ್ದೆಯಲ್ಲಿ ಉದ್ಯೋಗದಲ್ಲಿನ ತಾರತಮ್ಯದ ಮಟ್ಟಿಗೆ ಜನಾಂಗದ ಜೊತೆ ಬೆಸೆದ ಧಾರ್ಮಿಕ ಗುರುತು ಮಾತ್ರ ಇದೆ, ಬರೀ ಧರ್ಮ ಇಲ್ಲ. ಅಂದರೆ ಕೆಲಸ ಕಳಕೊಂಡ ಊರು ಯಾವುದು ಅನ್ನೋದರ ಮೇಲೆ ನಿಮ್ಮ ದೇವರಿಗೆ ರಕ್ಷಣೆ ಉಂಟೋ ಇಲ್ಲವೋ ತೀರ್ಮಾನ ಆಗುತ್ತೆ. ಇದನ್ನು ಯಾವ ಟಿವಿ ಚರ್ಚೆಯಲ್ಲೂ ಬಿಡಿಸಿ ಹೇಳಿದ್ದು ನಾನು ಕೇಳಿಲ್ಲ.

ಹಾಗಾಗಿ ಅವರ ವಕೀಲರು ಮೂರನೆಯ ಬಾಗಿಲು ತಟ್ಟಿದರು: 772ನೇ ಸೆಕ್ಷನ್. ಧರ್ಮ ಒಂದು ಕಾರಣವಾಗಿ ಕೆಲಸದಿಂದ ತೆಗೆದರೆ ಅಕ್ರಮ. ಇದಕ್ಕೆ ರಾಜ್ಯದ ಬಾಲ ಇಲ್ಲ. ಜೊತೆಗೆ ಹೊಣೆ ಮಾಲೀಕನ ಹೆಗಲಿಗೆ ಬೀಳುತ್ತೆ: ಧರ್ಮ ಕಾರಣ ಅಲ್ಲ ಅಂತ ಸಾಬೀತು ಮಾಡಬೇಕಾದವನು ತೆಗೆದವನೇ.

ಓಹೋ, ಹಾಗಾದರೆ ಫೊಲಾವ್ ಗೆದ್ದಂತೆಯೇ ಅಂದುಕೊಳ್ಳಬೇಡಿ. ಇಲ್ಲೇ ನಿಜವಾದ ಗಂಟು ಇರೋದು. 2014ರಲ್ಲಿ ಹೈಕೋರ್ಟು ಬಿಎಚ್‌ಪಿ ಕಲ್ಲಿದ್ದಲು ಕಂಪನಿಯ ಕೇಸು ತೀರ್ಮಾನಿಸಿತು. ಕ್ವೀನ್ಸ್‌ಲ್ಯಾಂಡಿನ ಗಣಿಯೊಂದರ ಮುಷ್ಕರದಲ್ಲಿ ಕಾರ್ಮಿಕನೊಬ್ಬ ಕೆಲಸಕ್ಕೆ ಹೋಗುತ್ತಿದ್ದವರ ಕಡೆ ಬೋರ್ಡು ಬೀಸಿದ. ಮುಷ್ಕರ ಮುರಿಯುವವರನ್ನು ಬಯ್ಯುವ, ಅಲ್ಲಿ ತೀರಾ ಕೀಳಾದ ಪದ ಅದರ ಮೇಲಿತ್ತು. ಕಂಪನಿ ತೆಗೆದುಹಾಕಿತು. ಮುಷ್ಕರದಲ್ಲಿ ಭಾಗವಹಿಸೋದು ಕಾನೂನು ರಕ್ಷಿಸಿದ ಚಟುವಟಿಕೆ. ಬೋರ್ಡು ಬೀಸಿದ್ದು ಆ ಚಟುವಟಿಕೆಯ ಭಾಗವೇ. ಆದರೂ ಮೂವರು ನ್ಯಾಯಮೂರ್ತಿಗಳು ಕಂಪನಿ ಪರ, ಇಬ್ಬರು ಕಾರ್ಮಿಕನ ಪರ. ಬಹುಮತದವರ ತರ್ಕ: ವಜಾ ಮಾಡಿದ ವ್ಯವಸ್ಥಾಪಕನ ತಲೆಯೊಳಗೆ ನಿಜವಾಗಿ ಇದ್ದ ಕಾರಣ ಏನು ಅನ್ನೋದಷ್ಟೇ ನೋಡಬೇಕು. ಪದ ಅಸಹ್ಯ, ಕಂಪನಿಯ ನಡವಳಿಕೆ ನಿಯಮಕ್ಕೆ ವಿರುದ್ಧ, ಅದಕ್ಕೇ ತೆಗೆದೆ ಅಂತ ಆತ ಹೇಳಿದ್ದನ್ನು ವಿಚಾರಣಾ ಕೋರ್ಟು ನಂಬಿದ ಮೇಲೆ ಮುಗಿಯಿತು.

ಇದನ್ನು ಫೊಲಾವ್ ಮೇಲೆ ಇಟ್ಟು ನೋಡಿ. ನಾವು ಅವರ ಕ್ರೈಸ್ತ ನಂಬಿಕೆಗಾಗಿ ತೆಗೆಯಲಿಲ್ಲ, ಸಂಹಿತೆ ಮುರಿದದ್ದಕ್ಕೆ ತೆಗೆದೆವು ಅಂತ ರಗ್ಬಿ ಆಸ್ಟ್ರೇಲಿಯಾ ಹೇಳಬಹುದಿತ್ತು, ಹೇಳಿತು ಕೂಡ. ಅದಕ್ಕೆ ಫೊಲಾವ್ ಕಡೆಯ ಉತ್ತರ, ಆ ಪೋಸ್ಟರ್ ಬೈಬಲ್ಲಿನ ಮಾತೇ, ಮಾತನ್ನೂ ನಂಬಿಕೆಯನ್ನೂ ಬೇರೆ ಮಾಡೋಕೆ ಬರಲ್ಲ ಅಂತ. ಪೋಸ್ಟರಿನ ಮೂಲ ಕೊರಿಂಥದವರಿಗೆ ಬರೆದ ಮೊದಲ ಪತ್ರಿಕೆಯ 6ನೇ ಅಧ್ಯಾಯ. ಆದರೆ ಮೂಲದ 9, 10ನೇ ವಚನಗಳಲ್ಲಿ ನಾಸ್ತಿಕರೂ ಇಲ್ಲ, ಸುಳ್ಳುಗಾರರೂ ಇಲ್ಲ. ಯಾರೋ ಸೇರಿಸಿದ ಪೋಸ್ಟರ್ ಅದು. ಪಾಟೀಸವಾಲಿನಲ್ಲಿ ಇಷ್ಟು ಸಾಕಿತ್ತು, ಇದು ಶಾಸ್ತ್ರವಚನವೋ ನಿಮ್ಮ ಆಯ್ಕೆಯೋ ಅಂತ ಕೆಣಕೋಕೆ. ಅಡಿಬರಹದಲ್ಲಿ ಮಾತ್ರ ಅವರು ಗಲಾತ್ಯದವರಿಗೆ ಬರೆದ ಪತ್ರಿಕೆಯ 5ನೇ ಅಧ್ಯಾಯದ ವಚನಗಳನ್ನು ನೇರವಾಗಿ ಹಾಕಿದ್ದರು.

ರಗ್ಬಿ ಸಂಸ್ಥೆಗೆ ಇನ್ನೊಂದು ಅಸ್ತ್ರ ಇತ್ತು: ಆ ಹುದ್ದೆಗೆ ಅತ್ಯಗತ್ಯವಾದ ಅರ್ಹತೆ. ಅದರ ಮುಖ್ಯ ತೀರ್ಪು 1998ರದು. 60 ದಾಟಿದ ಪೈಲಟ್ಟು, ಹಲವು ದೇಶಗಳು ತಮ್ಮ ಆಕಾಶಕ್ಕೆ ಬಿಡೋದಿಲ್ಲ ಅನ್ನುವ ಸ್ಥಿತಿಯಲ್ಲಿ ಅಂತರರಾಷ್ಟ್ರೀಯ ವಿಮಾನ ಹಾರಿಸಲಾರರು, ಹಾಗಾಗಿ ವಯಸ್ಸಿನ ಕಾರಣದ ವಜಾ ಸರಿ ಅಂತ ಹೈಕೋರ್ಟು ಒಪ್ಪಿತು. ಆ ಕೇಸಿನ ಕಂಪನಿ ಕ್ವಾಂಟಾಸ್. ವಿಚಿತ್ರ ನೋಡಿ, ಫೊಲಾವ್ ಕಾಲದಲ್ಲಿ ರಾಷ್ಟ್ರೀಯ ರಗ್ಬಿ ತಂಡದ ದೊಡ್ಡ ಪ್ರಾಯೋಜಕನೂ ಅದೇ ಕ್ವಾಂಟಾಸ್. ಪ್ರಾಯೋಜಕನಿಗೆ ಮುಜುಗರ ತರದಿರೋದು ರಗ್ಬಿ ಆಡಲು ಅತ್ಯಗತ್ಯ ಅರ್ಹತೆಯೇ? ಚೆಂಡು ಹಿಡಿಯಲು ಬೇಕಾಗಿಲ್ಲ. ಒಪ್ಪಂದದಲ್ಲಿ ಬರೆದಿದ್ದರೆ ವಾದಿಸಬಹುದಿತ್ತು. ಬರೆದಿರಲಿಲ್ಲ.

ನನ್ನ ಲೆಕ್ಕದಲ್ಲಿ ಕೇಸು ಐವತ್ತು ಐವತ್ತು. ಆದರೆ ತೀರ್ಪು ಬರಲೇ ಇಲ್ಲ. ಜೂನ್ 28ರ ಸಂಧಾನ ಮುರಿದುಬಿತ್ತು, ಆಗಸ್ಟ್ 1ಕ್ಕೆ ಕೋರ್ಟಿನಲ್ಲಿ ದಾವೆ, ಪರಿಹಾರದ ಬೇಡಿಕೆ 1 ಕೋಟಿ ಡಾಲರಿನಿಂದ 1.4 ಕೋಟಿಗೆ ಏರಿತು. ಸಂಧಾನಕ್ಕೆ ಮೊದಲೇ, ಜನರ ಹತ್ತಿರ ಹಣ ಎತ್ತೋಕೆ ಫೊಲಾವ್ ತೆರೆದಿದ್ದ ಪುಟವನ್ನು ಗೋಫಂಡ್‌ಮಿ ಅನ್ನೋ ಜಾಲತಾಣ ಕಿತ್ತುಹಾಕಿತ್ತು. ಆಸ್ಟ್ರೇಲಿಯನ್ ಕ್ರಿಶ್ಚಿಯನ್ ಲಾಬಿ ತನ್ನದೇ ಪುಟ ತೆರೆದು, ಎರಡು ಮೂರು ದಿನದಲ್ಲಿ 20 ಲಕ್ಷ ಡಾಲರ್ ದಾಟಿಸಿತು. ಡಿಸೆಂಬರ್ 4ಕ್ಕೆ ರಾಜಿ. ಮೊತ್ತ ಗುಟ್ಟು. ಆದ ನೋವಿಗೆ ಇಬ್ಬರೂ ಕ್ಷಮೆ ಕೇಳಿದರು, ಇಬ್ಬರೂ ತಮ್ಮ ನಿಲುವು ಬಿಡಲಿಲ್ಲ. ನಂಬಿಕೆ ಬೇರೆ, ಅದನ್ನು ಹೇಳಿದ ರೀತಿ ಬೇರೆ ಅಂತ ಗೆರೆ ಎಳೆಯಬಹುದೋ ಇಲ್ಲವೋ ಅನ್ನೋ ಪ್ರಶ್ನೆ ಅಲ್ಲೇ ಉಳಿಯಿತು. ಇಂಗ್ಲೆಂಡು ಆ ಗೆರೆ ಎಳೆದಿದೆ: ನಂಬಿಕೆಯ ಅಭಿವ್ಯಕ್ತಿಗೆ ರಕ್ಷಣೆ ಇದೆ, ಹೇಳಿದ ರೀತಿ ಆಕ್ಷೇಪಾರ್ಹವಾಗಿದ್ದರೆ ಕ್ರಮ ತಗೋಬಹುದು, ಆದರೆ ಕ್ರಮ ತಪ್ಪಿನ ತೂಕಕ್ಕೆ ತಕ್ಕಂತಿರಬೇಕು. ಫೇಸ್‌ಬುಕ್ ಪೋಸ್ಟಿಗಾಗಿ ಶಾಲಾ ಉದ್ಯೋಗಿಯೊಬ್ಬರನ್ನು ತೆಗೆದದ್ದು ಅತಿಯಾಯಿತು ಅಂತ 2025ರ ಫೆಬ್ರವರಿಯಲ್ಲಿ ಅಲ್ಲಿನ ಮೇಲ್ಮನವಿ ಕೋರ್ಟು ಹೇಳಿದ್ದು ಇದೇ ತಕ್ಕಡಿಯಲ್ಲಿ.

ಆಸ್ಟ್ರೇಲಿಯಾದಲ್ಲಿ ಆ ಗೆರೆಯನ್ನು ಸಂಸತ್ತು ಎಳೆಯಲು ಹೊರಟಿತ್ತು. ಧಾರ್ಮಿಕ ತಾರತಮ್ಯ ತಡೆಯುವ 2019ರ ಕರಡು ಮಸೂದೆಯಲ್ಲಿ ಫೊಲಾವ್ ಷರತ್ತು ಅಂತಲೇ ಹೆಸರಾದ ಭಾಗ: ವರ್ಷಕ್ಕೆ 5 ಕೋಟಿ ಡಾಲರಿಗಿಂತ ಹೆಚ್ಚು ಆದಾಯದ ಕಂಪನಿಗಳು, ಸಹಿಸಲಾರದ ಆರ್ಥಿಕ ಹೊಡೆತ ತಪ್ಪಿಸಲು ಅನಿವಾರ್ಯ ಅಂತ ತೋರಿಸದೆ, ಕೆಲಸದ ಹೊರಗಿನ ಧಾರ್ಮಿಕ ಮಾತಿಗೆ ನಿರ್ಬಂಧ ಹಾಕುವಂತಿಲ್ಲ. ಪ್ರಾಯೋಜಕ ಕಾಲು ಕೀಳ್ತೀನಿ ಅಂದರೆ ಸಾಕು, ಹೊಡೆತ ಸಾಬೀತು! 2021ರ ನವೆಂಬರಿನ ಆವೃತ್ತಿಯಲ್ಲಿ ಅದನ್ನು ಕೈಬಿಟ್ಟರು. ಮಸೂದೆ 2022ರ ಫೆಬ್ರವರಿಯಲ್ಲಿ ಕೆಳಮನೆ ದಾಟಿ, ಸೆನೆಟ್ಟಿನ ಮುಂದೆ ನಿಂತುಹೋಯಿತು.

ನಮ್ಮಲ್ಲಿ? ಅದೇ 2019ರ ಜನವರಿ. ಟಿವಿ ಕಾರ್ಯಕ್ರಮದಲ್ಲಿ ಹೆಂಗಸರ ಬಗ್ಗೆ ಆಡಿದ ಮಾತಿಗೆ ಹಾರ್ದಿಕ್ ಪಾಂಡ್ಯ ಮತ್ತು ನಮ್ಮ ಕೆ.ಎಲ್. ರಾಹುಲ್ ಆಸ್ಟ್ರೇಲಿಯಾ ಪ್ರವಾಸದ ಮಧ್ಯೆಯೇ ಅಮಾನತಾದರು. ಏಪ್ರಿಲ್‌ನಲ್ಲಿ ಬಿಸಿಸಿಐನ ಒಂಬುಡ್ಸ್‌ಮನ್ (ದೂರು ವಿಚಾರಿಸುವ ಅಧಿಕಾರಿ) ತಲಾ 20 ಲಕ್ಷ ರೂಪಾಯಿ ದಂಡ ಹಾಕಿದರು. ಅದು ಧರ್ಮದ ಮಾತಲ್ಲ, ಸರಿ. ಆದರೆ ಬಿಸಿಸಿಐ ಸಂವಿಧಾನದ 12ನೇ ವಿಧಿಯ ಅರ್ಥದಲ್ಲಿ ಪ್ರಭುತ್ವ ಅಲ್ಲ ಅಂತ ಸುಪ್ರೀಂ ಕೋರ್ಟು 2005ರಲ್ಲೇ ಹೇಳಿದೆ. ನಾಳೆ ಆಟಗಾರರೊಬ್ಬರು ಧರ್ಮದ ಬಗ್ಗೆ ಏನಾದರೂ ಹೇಳಿದರೂ 19(1)(ಎ) ಹಿಡಕೊಂಡು ನೇರವಾಗಿ ಬೋರ್ಡಿನ ಮೇಲೆ ಹೋಗಲಾಗದು, ಆ ಹಕ್ಕು ಇರೋದು ಪ್ರಭುತ್ವದ ಎದುರು. 226ನೇ ವಿಧಿಯಡಿ ಹೈಕೋರ್ಟಿಗೆ ರಿಟ್ ಹಾಕುವ ದಾರಿ ಇದೆ, ಅಲ್ಲಿ ಕೇಳೋದು ಹೆಚ್ಚಾಗಿ ಕ್ರಮ ನ್ಯಾಯಯುತವಾಗಿ ನಡೆಯಿತೇ ಅಂತ.

ಹಾಗಾಗಿ ಒಪ್ಪಂದ ಬರೆಯುವವರಿಗೆ ನೇರ ಮಾತು. ಘನತೆ, ಮೌಲ್ಯ, ಒಳಗೊಳ್ಳುವಿಕೆ ಅಂತ ಬರೆದು ಕೈತೊಳೆದುಕೊಳ್ಳಬೇಡಿ. ಯಾವ ಖಾತೆಗಳು, ಯಾವ ಬಗೆಯ ಮಾತು, ಚರ್ಚಿನ ಪ್ರವಚನ ಪೀಠದಲ್ಲಿ ನಿಂತು ಹೇಳಿದರೂ ಅನ್ವಯವೇ, ಬರೆದು ಹಾಕಿ. ಮೊದಲು ತೆಗೆಯಲು ಗಡುವು, ಆಮೇಲೆ ದಂಡ, ಆಮೇಲೆ ಪಂದ್ಯದಿಂದ ಹೊರಗೆ, ಕೊನೆಗೆ ವಜಾ. ಹೊಸ ಷರತ್ತನ್ನು ಸಹಿಗೆ ಮೊದಲು ಮೇಜಿನ ಮೇಲಿಡಿ. ಸಹಿ ಆದ ಮೇಲೆ ಕೇಳಿದರೆ ಒಪ್ಪುವ ಅಗತ್ಯ ಆಟಗಾರನಿಗಿಲ್ಲ.

ಸಿಡ್ನಿ, ಮೆಲ್ಬರ್ನ್‌ನಲ್ಲಿ ಕೂತು ಇದನ್ನು ಕೇಳ್ತಿರುವ ಕನ್ನಡಿಗರೇ, ನಿಮ್ಮ ಆಫೀಸಿನ ಸೋಶಿಯಲ್ ಮೀಡಿಯಾ ಪಾಲಿಸಿಗೂ ಇದೇ ಕಾಯ್ದೆ. ಕೆಲಸ ಹೋದರೆ ಫೇರ್ ವರ್ಕ್ ಕಮಿಷನ್ನಿಗೆ ಅರ್ಜಿ ಹಾಕಲು ವಜಾ ಜಾರಿಯಾದಲ್ಲಿಂದ 21 ದಿನ, ಶನಿವಾರ ಭಾನುವಾರ ಸೇರಿ. ಅಸಾಧಾರಣ ಕಾರಣ ಇಲ್ಲದೆ ಒಂದು ದಿನವೂ ಹೆಚ್ಚು ಸಿಗಲ್ಲ. ಮೇ 17ಕ್ಕೆ ಕೆಲಸ ಕಳಕೊಂಡ ಫೊಲಾವ್ ಅರ್ಜಿ ಹಾಕಿದ್ದು ಜೂನ್ 6ಕ್ಕೆ, ಇಪ್ಪತ್ತನೇ ದಿನ.